ಕಂಪ್ಯೂಟರಿನ ಪಾಳಿ

“ತಡಿ, ಈಗ ಪಾಳಿ ನಂದಲ್ಲ, ಅದರದು!” ಎಂದು ಅಜ್ಜಿ ಕೀಬೋರ್ಡಿನಿಂದ ಕೈ ಹಿಂದೆಗೆದುಕೊಂಡಳು.

ದಾಂಡೇಲಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಮೊದಲ ಬಾರಿಗೆ ಬರೆದ ಚೌಕಾಬಾರ ಆಟವದು. ಇನ್ನೂ ಫ್ಲಾಪಿಗಳ ಕಾಲ. ಅಜ್ಜಿ ಮಿಲ್ಲಿನ ಕ್ವಾರ್ಟರ್ಸ್‌ನಿಂದ ನಡೆದು ಬಂದಿದ್ದು ಆಡಲಿಕ್ಕಲ್ಲ. ಮೊಮ್ಮಗಳು ಅಲ್ಲಿ ಏನು ಮಾಡುತ್ತಾಳೆಂದು ನೋಡಿ, ಕ್ಲಾಸು ಬಿಡಿಸಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೆ. ಹೆದರುತ್ತಲೇ ಅವಳನ್ನು ಆಡಲು ಕೂರಿಸಿದ್ದೆ. ಗುಂಡಿ ಒತ್ತಿದರೆ ಪರದೆಯ ಮೇಲೆ ಕವಡೆ ಬೀಳುತ್ತಿದ್ದವು. ಗೆಲ್ಲಲು ಅವಳಿಗೆ ಒಂದೇ ಮನೆ ಉಳಿದಿತ್ತು.

“ಅದಕ್ಕ ನಾಕು ಬಿದ್ದೈತಿ. ನಾಕು ಬಿದ್ರ ಇನ್ನೊಂದ್ಸಲ ಹಾಕೂದಿರತೈತಿ. ಪಾಪ, ಬಾಯಿಲ್ಲಂತ ಅದಕ್ಕ ಮೋಸ ಮಾಡ್ತೀಯೇನ?”

ಕಂಪ್ಯೂಟರಿನ ಪಾಳಿಗೆ ಆ ನಿಯಮವನ್ನು ಬರೆಯಲು ನಾನು ಮರೆತೇಬಿಟ್ಟಿದ್ದೆ. ಅಲ್ಲೇ ಸೇರಿಸಿ, ಆಟವನ್ನು ಮೊದಲಿನಿಂದ ಶುರು ಮಾಡಿಕೊಟ್ಟೆ. ಈ ಸಲ ಕಂಪ್ಯೂಟರ್ ಗೆದ್ದಿತು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು.

“ನಾಳೆ ನಿನ್ನ ಕೂಡ ನಾನೂ ಬರ್ತೇನಿ. ಇದನ್ನ ಸೋಲಿಸದ ಬಿಡೂದಿಲ್ಲ.”

ಕ್ಲಾಸು ಉಳಿಯಿತು. ಇಂದಿಗೂ ಹೊಸ ಪ್ರೋಗ್ರಾಂ ಮುಗಿದಾಗ, ಗೆಲ್ಲುತ್ತಿದ್ದ ಆಟ ನಿಲ್ಲಿಸಿ ನನ್ನನ್ನು ತಿದ್ದಿದ ಅಜ್ಜಿಯನ್ನು ನೆನೆದು, ಮೊದಲು ಎದುರಾಳಿಯ ಕಡೆ ಕುಳಿತು ಆಡಿ ನೋಡುತ್ತೇನೆ.