ಹಳ್ಳ ಅಲ್ಲಿರಲಿಲ್ಲ, ಅಕ್ಕಾ

ಗುರಬಾಯಕ್ಕಾ, ಅಂದು ಎಳ್ಳಮಾಸಿ ಹಬ್ಬದ ದಿನ ನಾನು ಬೊಟ್ಟು ಮಾಡಿ ತೋರಿಸಿದ ಜಾಗದಲ್ಲಿ ನಿಮ್ಮ ಹಳ್ಳ ಯಾವತ್ತೂ ಹರಿದಿರಲಿಲ್ಲ. ಭೂತಾಯಿಗೆಂದು ತಂದ ಚರಗದ ಎಡೆಯನ್ನು ನೀವು ಚೆಲ್ಲಿದ್ದು ನಾನು ಕಟ್ಟಿಸಿದ ಸಿಮೆಂಟು ಕಾಲುವೆಗೆ. ಗೊತ್ತಿದ್ದೇ ತೋರಿಸಿದೆ.

ಹೇಳಿಬಿಡೋಣವೆಂದು ಎಷ್ಟು ಸಲ ಕಮಲಾಪುರದ ಬಸ್ಸು ಹತ್ತಿದೆನೋ — ನಿಮ್ಮ ಮನೆಯಲ್ಲಿ ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ, ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಗೆ ವಾಪಸಾಗಿದ್ದೇನೆ. ಈ ಇಂಜಿನಿಯರನ ನಾಲಿಗೆ ಬಹಳ ಚುರುಕು, ಬೇಡವಾದ ಕಡೆ.

ಮೇಲಿನ ಹೊಲವನ್ನು ನಮ್ಮ ಮಾಲೀಕರ ಲೇಔಟಿಗೆ ಕೊಡುವಾಗ ನೀವು ಕೇಳಿದ್ದು ಒಂದೇ ಮಾತು. "ತಮ್ಮಾ, ಹೊಲ ನಿಮ್ಮದಾಯ್ತು. ಹಳ್ಳ ಮುಚ್ಚಬ್ಯಾಡ್ರಿ. ರೋಡಿನ ಆಚಿ ನನ್ನ ಬಾವಿ ಅದರ ನೀರಿನ ಮ್ಯಾಲೇ ಅದ."

"ಹಳ್ಳಕ್ಕ ಯಾರೂ ಕೈ ಹಚ್ಚಂಗಿಲ್ರಿ ಅಕ್ಕಾ. ಎರಡೂ ದಂಡಿಗಿ ಬೇವು, ಹುಣಸಿ ಹಚ್ತೀವಿ," ಎಂದು ನಾನೇ ಮುಂದೆ ಬಿದ್ದು ಮಾತು ಕೊಟ್ಟೆ. ಆಗ ಅದು ಸುಳ್ಳಾಗಿರಲಿಲ್ಲ. ಹಳ್ಳವನ್ನು ಅದರ ಪಾಡಿಗೆ ಬಿಟ್ಟು ಮನೆ ಕಟ್ಟಬೇಕೆಂಬುದು ನನ್ನ ಆಸೆಯೂ ಆಗಿತ್ತು.

ಆಮೇಲೆ ಮಾಲೀಕರು, ಹಳ್ಳ ಮುಚ್ಚಿದರೆ ಇನ್ನೊಂದು ಸಾಲು ಸೈಟುಗಳು ಸಿಗುತ್ತವೆ ಎಂದರು. ನಾನು ಬೇಡವೆಂದೆ — ಒಮ್ಮೆ, ಮೆತ್ತಗೆ. ಮರುದಿನ ಮುರುಮ ಮಣ್ಣು ಹೊತ್ತ ಟಿಪ್ಪರುಗಳಿಗೆ ಎಲ್ಲಿ ಸುರಿಯಬೇಕೆಂದು ಕೈ ತೋರಿಸುತ್ತ ನಿಂತವನು ನಾನೇ. ಹಳ್ಳದ ಗುರುತಿಗಿದ್ದ ಬನ್ನಿ ಗಿಡವೂ ಹೋಯಿತು. ಇನ್ನೊಂದು ಮೂಲೆಯಲ್ಲಿ ಹುಲ್ಲುಹಾಸು ಹಾಕಿ, ನಡುವೆ ಡೊಂಕು ಕಾಲುವೆ ಮಾಡಿ, ಪಂಪಿನಿಂದ ನೀರು ಬಿಟ್ಟೆವು. ಸೈಟು ನೋಡಲು ಬಂದವರೆಲ್ಲ ಅಲ್ಲಿ ಫೋಟೊ ತೆಗೆಸಿಕೊಂಡರು.

ಆ ಎಳ್ಳಮಾಸಿಗೆ ನೀವು ಬುಟ್ಟಿ ಹೊತ್ತು ಬಂದಿರಿ. ಹೊಲ ಮಾರಿದರೂ ಚರಗ ತಪ್ಪಿಸಬಾರದೆಂಬ ಹಠ ನಿಮ್ಮದು. ನೆಲ ಎತ್ತರಿಸಿ ಸಪಾಟು ಮಾಡಿದ್ದರಿಂದ ನಿಮಗೆ ದಿಕ್ಕೇ ತಿಳಿಯಲಿಲ್ಲ. ಹಳ್ಳ ಎಲ್ಲಿ ಎಂದಿರಿ. ನಾನು ಆ ಕಾಲುವೆ ತೋರಿಸಿದೆ.

"ಇಷ್ಟ ಸಣ್ಣದಾಗ್ಯದಲ್ಲೋ ತಮ್ಮಾ!"

"ಮಳಿ ಎಲ್ಲಿ ಅದ ರೀ ಅಕ್ಕಾ. ಮಳಿ ಆದ್ರ ತುಂಬತದ."

ನಂಬಿದಿರಿ. ಕಾಯಿಲೆ ಬಿದ್ದವರ ತಲೆ ಸವರುವಂತೆ ಆ ಸಿಮೆಂಟು ದಂಡೆ ಸವರಿ, ಸಜ್ಜೆ ಕಡಬು, ಭಜ್ಜಿ ಚೆಲ್ಲಿದಿರಿ. ಉಳಿದದ್ದನ್ನು ನನ್ನ ಅಂಗೈಗೆ ಹಾಕಿದಿರಿ. ತಿಂದೆ.

ಮಳೆಯೂ ಬಂತು, ಒಳ್ಳೆಯ ಮಳೆಯೇ. ನಿಮ್ಮ ಬಾವಿ ಮಾತ್ರ ತುಂಬಲಿಲ್ಲ. ದೇವರು ಮುನಿದನೆಂದು ಹರಕೆ ಹೊತ್ತಿರಿ. ಕೊನೆಗೆ ನೀರಿಲ್ಲದೆ ಒಣಗಿದ ಕೆಂಪು ಬಾಳೆ ಕಿತ್ತು ತೊಗರಿ ಬಿತ್ತಿದಿರಿ. ನನ್ನ ತಪ್ಪನ್ನು ದೇವರ ತಲೆಗೆ ಕಟ್ಟಿ ನಾನು ಸುಮ್ಮನೆ ನೋಡುತ್ತ ಕುಳಿತೆ ಅಕ್ಕಾ — ನಿಮ್ಮ ಕಟ್ಟೆಯ ಮೇಲೆಯೇ, ಚಹಾ ಕುಡಿಯುತ್ತ.

ಮೊನ್ನೆ ಕಲಬುರಗಿಯಲ್ಲಿ ಬಿಲ್ಡರುಗಳ ಸಭೆ. ಕಟ್ಟುವವರು ನಿಸರ್ಗಕ್ಕೆ ಏನು ಮರಳಿಸಬಹುದೆಂದು ಹೇಳಲು ನನ್ನನ್ನೇ ಕರೆದಿದ್ದರು. ಮುಚ್ಚಿದ ಹಳ್ಳ ತೆರೆಯಿರಿ, ಈ ನೆಲದ ಗಿಡ ಹಚ್ಚಿರಿ, ಅಂಗಳಕ್ಕೆಲ್ಲ ಕಾಂಕ್ರೀಟು ಬಡಿಯದೆ ನೀರು ಇಂಗಲು ಜಾಗ ಬಿಡಿ — ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಅಲ್ಲಿಂದ ಲೇಔಟಿಗೆ ಹೋದೆ. ಹಳ್ಳದ ಮೇಲಿನ ಸಾಲಿನಲ್ಲಿ ಮನೆ ಕಟ್ಟಿಕೊಂಡ ಒಬ್ಬರಿಗೆ ನಿಜ ಹೇಳಿದೆ. "ಈಗ ನಾ ಮನಿ ಹೊತ್ಕೊಂಡು ಎಲ್ಲಿಗಿ ಹೋಗ್ಲಿರಿ ಸಾಹೇಬ್ರ?" ಎಂದರು. ಅವರದೇನು ತಪ್ಪು? ಮಾಲೀಕರಂತೂ ನಕ್ಕುಬಿಟ್ಟರು. ಹಳ್ಳ ತೆರೆಯುವುದು ಹೇಗೆಂದು ನನಗೆ ಗೊತ್ತು. ತೆರೆಯುವುದು ಮಾತ್ರ ನನ್ನ ಕೈಯಲ್ಲಿಲ್ಲ. ಮುಚ್ಚುವ ದಿನ ತಡೆಯಬಹುದಿತ್ತೋ ಏನೋ —

ಈ ಎಳ್ಳಮಾಸಿಗೆ ನಾನೇ ಬಂದು ನಿಮ್ಮನ್ನು ಕರೆದೊಯ್ಯುತ್ತೇನೆ. ಆ ಮನೆಗಳ ಮುಂದಿನ ರಸ್ತೆಯ ಮೇಲೆ ನಿಂತು, ಇಲ್ಲಿ, ಎನ್ನುತ್ತೇನೆ. ಚರಗ ಬೀಳಲು ಅಲ್ಲಿ ಹಿಡಿ ಮಣ್ಣೂ ಇಲ್ಲ. ಚೆಲ್ಲುವುದು, ಬಿಡುವುದು ನಿಮಗೆ ಸೇರಿದ್ದು. ನನ್ನ ಅಂಗೈಗೆ ಮಾತ್ರ ಏನೂ ಹಾಕಬೇಡಿ, ಅಕ್ಕಾ.