ನನ್ನ ಅಂಗಡಿಯಲ್ಲಿ ಇಳಿಯದ ಬ್ಯಾಟರಿ

ಗಿರಾಕಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರನ್ನು ತೂಗಿ ಮುಗಿಸಿರುತ್ತೇನೆ. ಕ್ಯಾಮೆರಾ ಸಾಮಾನು ಮಾರುವವನಿಗೆ ಬೇರೆ ತಕ್ಕಡಿ ಇಲ್ಲ, ಕಣ್ಣೇ ತಕ್ಕಡಿ. ಈ ಹೆಂಗಸನ್ನು ಮೊದಲು ಕಂಡಾಗ ನಾನು ಹಾಕಿದ ಅಂದಾಜು ಹೀಗಿತ್ತು: ವಯಸ್ಸು ನಲವತ್ತರ ಆಚೀಚೆ. ಚಪ್ಪಲಿಗೆ ಹೊಲಿಗೆ ಮೇಲೆ ಹೊಲಿಗೆ, ಆದರೆ ಕ್ಯಾಮೆರಾ ಚೀಲ ಗಟ್ಟಿಮುಟ್ಟು. ಅಂದರೆ ತನಗಿಂತ ಸಾಮಾನಿಗೆ ಹೆಚ್ಚು ಖರ್ಚು ಮಾಡುವ ಪೈಕಿ. ಚೌಕಾಸಿ ಮಾಡುವುದಿಲ್ಲ, ಬಿಲ್ಲನ್ನು ಮಾತ್ರ ಮಡಚಿ ಜೋಪಾನ ಮಾಡುತ್ತಾಳೆ. ಇಂಥವರಷ್ಟು ಅಪಾಯದ ಗಿರಾಕಿ ಇನ್ನೊಬ್ಬರಿಲ್ಲ. ಚೌಕಾಸಿ ಮಾಡಿ ಕೊಂಡವರು ವಸ್ತು ಕೆಟ್ಟರೆ ಕಡಿಮೆಗೆ ಬಂದಿತ್ತಲ್ಲ, ಹೋಗಲಿ ಅಂತ ಸುಮ್ಮನಾಗುತ್ತಾರೆ. ಇವರು ಸುಮ್ಮನಾಗುವುದಿಲ್ಲ.

ಅಂದಾಜು ತಪ್ಪಲಿಲ್ಲ. ನಾನು ಮಾರಿದ ಬ್ಯಾಟರಿ ವಾರದೊಳಗೆ ಬಿಲ್ಲಿನ ಸಮೇತ ವಾಪಸ್ಸು ಬಂತು.

ಆಕೆಯದು ನಮ್ಮ ಬೀದಿಯ ಕೊನೆಯಲ್ಲಿರುವ ಸ್ಟುಡಿಯೋ. ಅಪ್ಪ ಕಟ್ಟಿದ್ದು. ಅಪ್ಪ ಸಾಯುವ ಮುಂಚೆಯೇ ಪಾಲು ಹಂಚಿಬಿಟ್ಟಿದ್ದ: ಗಲ್ಲಾ ಮತ್ತು ಪ್ರಿಂಟ್ ಹಾಕುವ ಕೆಲಸ ಮಗನಿಗೆ, ಕ್ಯಾಮೆರಾ ಮಗಳಿಗೆ. ಮಗನಿಗೆ ಚಿಕ್ಕಂದಿನಿಂದ ಕನ್ನಡಕ, ಇವನ ಕೈಗೆ ಕ್ಯಾಮೆರಾ ಕೊಟ್ಟರೆ ಮದುಮಗಳನ್ನು ಬಿಟ್ಟು ಬಾಗಿಲಿನ ಫೋಟೋ ತೆಗೆದಾನು ಅಂತ ಅಪ್ಪ ನಾಲ್ಕು ಜನರ ಮುಂದೆ ನಗುತ್ತಿದ್ದನಂತೆ. ಅಣ್ಣ ಗಲ್ಲಾದಲ್ಲಿ ಕೂತ. ತಂಗಿ ಊರಿನವರ ಮದುವೆಯನ್ನೆಲ್ಲ ತೆಗೆದಳು, ತನ್ನದನ್ನು ತೆಗೆಸಿಕೊಳ್ಳಲು ಪುರುಸೊತ್ತಾಗಲಿಲ್ಲ. ಸ್ಟುಡಿಯೋ ಮೇಲಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಇವಳು, ಒಂದೇ ಒಲೆ.

ಮದುವೆಮನೆಗಳಲ್ಲಿ ಫೋಟೋಗಾಗಿ ಕುರ್ಚಿ ಹತ್ತಿ ಇಳಿದು, ನೆಲಕ್ಕೆ ಮಂಡಿಯೂರಿ, ಆಕೆಯ ಮೊಣಕಾಲು ಸವೆದಿತ್ತು. ಆಗ ಪಿಂಗಾಣಿ ಕಾರ್ಖಾನೆಯೊಂದರಿಂದ ಕರೆ ಬಂತು. ಅವರು ಮಾಡುವ ಕಪ್ಪು, ಬಸಿ, ತಟ್ಟೆಗಳನ್ನೆಲ್ಲ ಕ್ಯಾಟಲಾಗಿಗೆ ತೆಗೆಯಬೇಕು. ಮೊದಲು ಸ್ವಲ್ಪ ದಿನ ಪರೀಕ್ಷೆ, ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಬಿಳಿ ಬಟ್ಟೆಯ ಮೇಲೆ ಬಿಳಿ ಬಟ್ಟಲಿಟ್ಟು ಅದು ಬಟ್ಟಲೇ ಅಂತ ಕಾಣುವ ಹಾಗೆ ತೆಗೆಯುವುದು ಸುಲಭದ ಮಾತಲ್ಲ. ಆಕೆಗೆ ಅದು ಬರುತ್ತಿತ್ತು. ಈ ಕೆಲಸ ಸಿಕ್ಕರೆ ಇನ್ನು ಕುರ್ಚಿ ಹತ್ತುವುದಿಲ್ಲ, ನೆಲದ ಮೇಲೆ ನಿಂತು ಬದುಕುತ್ತೇನೆ ಅಂತ ನನ್ನ ಬಳಿಯೇ ಹೇಳಿದ್ದಳು. ಅದಕ್ಕೆಂದೇ ಹೊಸ ಬ್ಯಾಟರಿ ಕೊಂಡದ್ದು.

ವಾಪಸ್ಸು ಬಂದ ದಿನ ಅಂಗಡಿಯಲ್ಲಿ ಜನ ಇದ್ದರು. ಸಂಜೆ ಪೂರ್ತಿ ಚಾರ್ಜ್ ಮಾಡಿ ಕ್ಯಾಮೆರಾಕ್ಕೆ ಹಾಕಿ ಇಡುತ್ತೇನೆ, ಬೆಳಿಗ್ಗೆ ನೋಡಿದರೆ ಅರ್ಧಕ್ಕಿಂತ ಕೆಳಗೆ, ಕಾರ್ಖಾನೆಯಲ್ಲಿ ನಾಲ್ಕು ತಟ್ಟೆ ಮುಗಿಯುವುದರೊಳಗೆ ಕಣ್ಣು ಮುಚ್ಚುತ್ತದೆ ಅಂದಳು. ಆಮೇಲೆ ದನಿ ತಗ್ಗಿಸದೆ ಸೇರಿಸಿದಳು:

"ನಿಮ್ಮ ಮಾಲು ಡೂಪ್ಲಿಕೇಟ್ ಅಂತೆ ಯಜಮಾನ್ರೇ. ಅಣ್ಣ ನೋಡಿದ ತಕ್ಷಣ ಹೇಳಿದ."

ಜಗಳಕ್ಕಿಂತ ಬದಲಿ ಅಗ್ಗ. ಮಾತಾಡದೆ ಇನ್ನೊಂದು ಕೊಟ್ಟೆ. ಅದೂ ಹಾಗೇ ಆಯಿತು. ಅಷ್ಟರಲ್ಲಿ ಆಕೆ ಊರಿನ ಫೋಟೋಗ್ರಾಫರುಗಳಿಗೆಲ್ಲ ನನ್ನ ಅಂಗಡಿಯ ಕಡೆ ಹೋಗಬೇಡಿ ಅಂತ ಹೇಳಿಯಾಗಿತ್ತು. ಒಳ್ಳೆಯವರು ಸುಳ್ಳು ಸುದ್ದಿ ಹಬ್ಬಿಸಿದರೆ ಅದಕ್ಕೆ ಮದ್ದಿಲ್ಲ, ಯಾಕೆಂದರೆ ಜನ ನಂಬುತ್ತಾರೆ. ಬ್ಯಾಟರಿ ಕೇಳಿ ಬರುವವರೇ ನಿಂತುಹೋದರು.

ಈ ಸಲ ನಾನೂ ಹಟಕ್ಕೆ ಬಿದ್ದೆ. ಬ್ಯಾಟರಿ ಬಿಟ್ಟು ಹೋಗಮ್ಮ, ರೋಗ ಯಾವುದು ಅಂತ ನೋಡೇಬಿಡೋಣ ಅಂದೆ. ಅದರ ತುದಿಯ ಹಿತ್ತಾಳೆ ಒರೆಸಿ, ಚಾರ್ಜ್ ಮಾಡಿ, ಕಪಾಟಿನಲ್ಲಿಟ್ಟೆ. ದಿನಗಳೆದರೂ ಒಂದು ಗೆರೆ ಇಳಿಯಲಿಲ್ಲ. ನನ್ನಲ್ಲಿದ್ದ ಅದೇ ಮಾದರಿಯ ಕ್ಯಾಮೆರಾಕ್ಕೆ ಹಾಕಿ ಎದುರಿನ ಟೈಲರ್ ಅಂಗಡಿಯನ್ನೂ, ಬೀದಿ ನಾಯಿಗಳನ್ನೂ, ಸಾಲ ಕೇಳಲು ಬಂದ ನನ್ನ ಭಾವನನ್ನೂ ಇಡೀ ದಿನ ತೆಗೆದೆ. ಭಾವ ಸುಸ್ತಾಗಿ ಎದ್ದುಹೋದ, ಬ್ಯಾಟರಿ ಹೋಗಲಿಲ್ಲ. ಚಾರ್ಜರ್ ತರಿಸಿ ನೋಡಿದೆ, ಅದೂ ಸರಿ. ಉಳಿದದ್ದು ಕ್ಯಾಮೆರಾ. ಕೆಲವು ಕ್ಯಾಮೆರಾಗಳು ಆಫ್ ಮಾಡಿದರೂ ಒಳಗೊಳಗೇ ಕುಡಿಯುತ್ತಿರುತ್ತವೆ. ಬ್ಯಾಟರಿ ಹಾಕಿ ಒಂದು ರಾತ್ರಿ ನನ್ನಲ್ಲೇ ಬಿಡಲು ಹೇಳಿದೆ. ಆಕೆ ಮೀನಮೇಷ ಎಣಿಸಿದಳು. ಆ ಕ್ಯಾಮೆರಾ ಮನೆ ಬಿಟ್ಟು ಹೊರಗೆ ಮಲಗಿದ್ದೇ ಇಲ್ಲವಂತೆ.

ಮರುದಿನ ಬಂದಾಗ ಆಕೆಯ ಮುಂದೆಯೇ ಆನ್ ಮಾಡಿದೆ. ಪೂರ್ತಿ ತುಂಬಿತ್ತು.

"ನೋಡಮ್ಮ, ಬ್ಯಾಟರಿ ಸರಿ, ಚಾರ್ಜರ್ ಸರಿ, ಕ್ಯಾಮೆರಾನೂ ಸರಿ. ನನ್ನಂಗಡೀಲಿ ಇಳಿಯಲ್ಲ. ನಿಮ್ಮನೇಲಿ ಇಳಿಯುತ್ತೆ."

"ಹಾಗಾದ್ರೆ ನಮ್ಮನೆ ಗೋಡೆ ಕುಡಿಯುತ್ತಾ?" ಅಂತ ನಕ್ಕು ಕ್ಯಾಮೆರಾ ಎತ್ತಿ ಬೀದಿಯ ಕಡೆ ತಿರುಗಿಸಿ ಕಣ್ಣಿಗಿಟ್ಟುಕೊಂಡಳು. ಹಾಗೇ ನಿಂತುಬಿಟ್ಟಳು. ಫೋಟೋ ತೆಗೆಯಲಿಲ್ಲ, ಕೆಳಗೂ ಇಳಿಸಲಿಲ್ಲ.

"ಇವತ್ತು ಮಂಜಿಲ್ಲ," ಅಂದಳು.

ವಿಷಯ ಏನೆಂದರೆ, ಕೆಲವು ವಾರಗಳಿಂದ ಬೆಳಿಗ್ಗೆ ಕ್ಯಾಮೆರಾ ಕಣ್ಣಿಗಿಟ್ಟರೆ ಆಕೆಗೆ ಎಲ್ಲವೂ ಮಸುಕು. ನೋಡುವ ಕಿಂಡಿಯ ಪಕ್ಕ ಒಂದು ಪುಟ್ಟ ಚಕ್ರ ಇರುತ್ತದೆ. ಕನ್ನಡಕದವರು ಕನ್ನಡಕ ತೆಗೆದು ನೋಡಿದರೂ ಸ್ಪಷ್ಟ ಕಾಣಲಿ ಅಂತ ಅದನ್ನು ಅವರವರ ದೃಷ್ಟಿಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು. ದಿನಾ ಬೆಳಿಗ್ಗೆ ಆಕೆ ಆ ಚಕ್ರ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದಳು. ತನ್ನ ಕಣ್ಣು ಹೋಗುತ್ತಿದೆ ಅಂತಲೇ ನಂಬಿದ್ದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಡಾಕ್ಟರು ಕಣ್ಣಿಗೇನೂ ಆಗಿಲ್ಲ ಅಂದರೂ ಆಕೆ ನಂಬಿರಲಿಲ್ಲ. ಕಣ್ಣೇ ಬಂಡವಾಳ ಆದವರು ಹಾಗೆಲ್ಲ ನಂಬುವುದಿಲ್ಲ.

ಆ ಚಕ್ರ ತಾನಾಗಿ ತಿರುಗುವಂಥದ್ದಲ್ಲ, ಇದು ನನಗೂ ಗೊತ್ತು, ಆಕೆಗೂ ಗೊತ್ತು. ರಾತ್ರಿ ಮನೆಯಲ್ಲಿ ಯಾರು ತಿರುಗಿಸುತ್ತಾರೆ ಅನ್ನುವುದನ್ನು ಆಕೆಯ ಬಾಯಿಗೇ ಬಿಟ್ಟೆ. ವ್ಯಾಪಾರದಲ್ಲಿ ಮೊದಲು ಮಾತಾಡಿದವನಿಗೇ ನಷ್ಟ.

"ಅಣ್ಣ ಕನ್ನಡಕ ತೆಗೆದು ನೋಡ್ತಾನೆ," ಅಂದಳು. ನನಗೆ ಹೇಳಿದ್ದಲ್ಲ.

ಅಲ್ಲಿಂದ ಹೊರಟವಳು ಬಾಗಿಲಲ್ಲಿ ತಿರುಗಿ, ಪಾಪ, ಕಲಿಯೋ ಆಸೆ ಇರಬೇಕು, ಕೇಳಿದ್ದರೆ ನಾನೇ ಹೇಳಿಕೊಡುತ್ತಿದ್ದೆ ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಒಡಹುಟ್ಟಿದವರಿಗೂ ಹಾಗೇ ಇರಬೇಕು.

ಆ ಮುದ್ದು ಮಧ್ಯಾಹ್ನದವರೆಗೆ ಬಾಳಿತು. ಕಾರ್ಖಾನೆಗೆ ಹೋದರೆ ಮ್ಯಾನೇಜರು ಆಶ್ಚರ್ಯಪಟ್ಟು, ಕೆಲಸ ನಿಮ್ಮ ಅಣ್ಣನವರಿಗೆ ಒಪ್ಪಿಸಿ ಆಯಿತಲ್ಲ ಮೇಡಂ ಅಂದರಂತೆ. ಮೇಜಿನ ಮೇಲೆ ಅವನು ಕೊಟ್ಟ ಫೋಟೋಗಳಿದ್ದವು. ಬಿಳಿ ಬಟ್ಟೆ, ಬಿಳಿ ಬಟ್ಟಲು. ತಂಗಿ ಮಲಗಿದ ಮೇಲೆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ತಂಗಿಯದೇ ಕ್ಯಾಮೆರಾದಿಂದ, ಬೇರೆ ಮೆಮೊರಿ ಕಾರ್ಡ್ ಹಾಕಿ ತೆಗೆದವು. ತಂಗಿಯ ಬ್ಯಾಟರಿ ದಿನಾ ಕೈಕೊಡುತ್ತದೆ, ಪಾಪ, ಕಣ್ಣೂ ಮೊದಲಿನಂತಿಲ್ಲ ಅಂತ ಅವನೇ ಹೇಳಿದ್ದನಂತೆ. ಬ್ಯಾಟರಿ ಕೈಕೊಟ್ಟದ್ದನ್ನು ಮ್ಯಾನೇಜರೂ ಕಣ್ಣಾರೆ ಕಂಡಿದ್ದರಲ್ಲ, ನಂಬಿದರು.

ಮನೆಯಲ್ಲಿ ನಡೆದದ್ದನ್ನು ಆಕೆ ನನಗೆ ಆಮೇಲೆ ತುಂಡುತುಂಡಾಗಿ ಹೇಳಿದಳು. ಅಣ್ಣ ಊಟಕ್ಕೆ ಕೂತಿದ್ದ. ಬ್ಯಾಟರಿ ಏನಾಯಿತು ಅಂತ ಅವನಾಗಿಯೇ ಕೇಳಿ, ನಾನು ಮೊದಲೇ ಹೇಳಿರಲಿಲ್ಲವಾ, ಆ ಅಂಗಡಿ ಯಜಮಾನ ಕಳ್ಳ ಅಂದ. ಇವಳು ವಾದ ಮಾಡಲಿಲ್ಲ. ಕ್ಯಾಮೆರಾ ಅವನ ಮುಂದೆ ಹಿಡಿದು, ಇದರಲ್ಲಿ ಏನೋ ಮಸುಕು ಕಾಣುತ್ತದೆ, ನೋಡು ಅಂದಳು. ಹುಟ್ಟಿದಾಗಿನಿಂದ ಕ್ಯಾಮೆರಾ ಮುಟ್ಟಿಲ್ಲ ಅಂತ ಊರಿಗೆಲ್ಲ ಗೊತ್ತಿದ್ದ ಮನುಷ್ಯ ಕನ್ನಡಕವನ್ನು ಹಣೆಗೆ ಸರಿಸಿದ, ಕ್ಯಾಮೆರಾ ಕಣ್ಣಿಗಿಟ್ಟ, ಅವನ ಬೆರಳು ಹುಡುಕದೆ ತಡಕಾಡದೆ ನೇರ ಹೋಗಿ ಆ ಚಕ್ರ ತಿರುಗಿಸಿತು.

ಬಡಿಸುತ್ತಿದ್ದ ಅತ್ತಿಗೆ ಸೌಟು ಕೆಳಗಿಟ್ಟಳು. ಬೆರಳು ಎಲ್ಲಿದೆ ಅನ್ನುವುದು ಅವನಿಗೂ ಆಗ ಹೊಳೆಯಿತು.

"ಅಪ್ಪ ಒಂದು ದಿನಾನಾದ್ರೂ ನನ್ನ ಕೈಗೆ ಕೊಟ್ನಾ?" ಅಂದ.

"ಅಪ್ಪ ಕೊಡಲಿಲ್ಲ. ನನ್ನ ಕೇಳಿದ್ಯಾ?" ಅಂದಳು ಇವಳು. "ಕೆಲಸ ಹೋದ್ರೆ ಹೋಗಲಿ. ಕಣ್ಣಿನ ಡಾಕ್ಟರ ಹತ್ರ ನೀನೇ ಕೈ ಹಿಡಿದು ಕರ್ಕೊಂಡು ಹೋದೆಯಲ್ಲ ಅಣ್ಣ. ಹೊರಗೆ ಬೆಂಚಿನ ಮೇಲೆ ಅಷ್ಟು ಹೊತ್ತು ಕೂತಿದ್ವಿ. ನಾನು ಅಳ್ತಾ ಇದ್ದೆ. ಅಲ್ಲಾದ್ರೂ ಹೇಳಬಹುದಿತ್ತು."

ಅವನು ತಟ್ಟೆ ಸರಿಸಿ ಕೈ ತೊಳೆಯಲು ಎದ್ದುಹೋದ.

ಆಕೆ ಈಗ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಮತ್ತೆ ಮದುವೆಗಳೇ, ಮತ್ತೆ ಕುರ್ಚಿಗಳೇ. ಅಣ್ಣ ಕಾರ್ಖಾನೆ ಕೆಲಸ ಬಿಡಲಿಲ್ಲ, ಹೊಸ ಕ್ಯಾಮೆರಾ ಕೊಂಡ. ಕಳ್ಳನ ಅಂಗಡಿಯಲ್ಲೇ ಕೊಂಡ. ನಾನೂ ಮಾರಿದೆ, ವ್ಯಾಪಾರಿ ಅಲ್ಲವೇ. ಕ್ಯಾಟಲಾಗು ನೋಡಿದ್ದೇನೆ. ಕೆಟ್ಟದಾಗಿ ತೆಗೆದಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ಇದೆಲ್ಲ ಆದ ಮೇಲೆ ಆಕೆ ಒಂದು ಕೆಲಸ ಮಾಡಿದಳು, ಯಾರೂ ಮಾಡು ಅಂದಿರಲಿಲ್ಲ. ತಾನು ಯಾರ ಯಾರ ಹತ್ತಿರ ನನ್ನ ಮೇಲೆ ದೂರು ಹೇಳಿದ್ದಳೋ ಆ ಒಬ್ಬೊಬ್ಬ ಫೋಟೋಗ್ರಾಫರನ ಬಾಗಿಲಿಗೂ ಹೋಗಿ, ಬ್ಯಾಟರಿ ಸರಿಯಾಗಿತ್ತು, ತಪ್ಪು ನಮ್ಮ ಮನೆಯದು ಅಂದಳು. ಮನೆಯದು ಅಂದರೆ ಏನು ಅಂತ ಅವರು ಕೆದಕಿದರಂತೆ, ಕೆದಕದೆ ಬಿಡುತ್ತಾರೆಯೇ. ಆಕೆ ಅದನ್ನೂ ಮುಚ್ಚಿಡಲಿಲ್ಲ. ಸುಮ್ಮನಿದ್ದಿದ್ದರೆ ಕಳ್ಳ ಅನ್ನುವ ಹೆಸರು ನನಗೇ ಉಳಿಯುತ್ತಿತ್ತು, ಮನೆಯ ಮಾನ ಮನೆಯಲ್ಲೇ ಇರುತ್ತಿತ್ತು.

ಇವತ್ತು ನನ್ನ ಅಂಗಡಿಯ ಹೆಸರು ಉಳಿದಿರುವುದು ಆಕೆಯಿಂದ. ಆ ಋಣ ನನ್ನ ಮೇಲಿದೆ, ಇನ್ನೂ ತೀರಿಸಿಲ್ಲ.