ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡವನು

ದಾವಣಗೆರೆಯ ನನ್ನ ಡ್ರೈವಿಂಗ್ ಸ್ಕೂಲಿಗೆ ಮೊನ್ನೆ ಇಲ್ಲೇ ಓದುತ್ತಾ ನಮ್ಮ ಕನ್ನಡ ಕಲಿತಿದ್ದ ಆಫ್ರಿಕಾದ ಒಬ್ಬ ಕಾಲೇಜು ವಿದ್ಯಾರ್ಥಿ ಬಂದ. ಕಾರಿನಲ್ಲಿ ಕೂತವನೇ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಥೇಟ್ ನಾನು ಮಾಡುವಂತೆಯೇ.

"ಇದನ್ನ ಯಾರು ಕಲಿಸಿದ್ರಪ್ಪ?"

"ನಮ್ಮಪ್ಪ ರೀ. ಮಿಲಿಟ್ರಿ ಡ್ರೈವರ್. ಅವರಿಗೆ ಇಂಡಿಯಾದ ಉಸ್ತಾದ್ ಕಲಿಸಿದ್ದಂತೆ."

ಅಪ್ಪನ ಹೆಸರು ಕೇಳಿದೆ. ಸಂಶಯವೇ ಇಲ್ಲ, ಆ ಉಸ್ತಾದ್ ನಾನೇ! ಅವರ ದೇಶದಲ್ಲಿ ಅಂತರ್ಯುದ್ಧ ನಡೆದಿದ್ದಾಗ ನಮ್ಮ ಸರ್ಕಾರ ಲಾರಿಗಳನ್ನು ಕೊಟ್ಟು, ಓಡಿಸುವುದನ್ನು ಅಲ್ಲಿನ ಸೈನಿಕರಿಗೆ ಕಲಿಸಲು, ಆಗ ಸೈನ್ಯದಲ್ಲಿ ಡ್ರೈವರಾಗಿದ್ದ ನನ್ನನ್ನು ಕಳಿಸಿತ್ತು. ನಾನು ಊರಿಗೆ ಮರಳಿದ ಮೇಲೆ ಆ ಲಾರಿಗಳು ದಾಳಿಯಲ್ಲಿ ಸುಟ್ಟುಹೋದವೆಂಬ ಸುದ್ದಿ ಬಂತು; ಓಡಿಸುತ್ತಿದ್ದವರು ಉಳಿದರೋ ಇಲ್ಲವೋ ತಿಳಿಯಲಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಹರಿಹರದಲ್ಲಿ ಬಸ್ಸು ಬದಲಿಸಿ ಉಕ್ಕಡಗಾತ್ರಿಯ ಗುಡಿಗೆ ಹೋಗಿ, ನನ್ನ ಶಿಷ್ಯರ ಹೆಸರು ಹೇಳಿ ಅಲ್ಲಿನ ದೇವರು ಅಜ್ಜಯ್ಯನಿಗೆ ಕಾಯಿ ಒಡೆಸುತ್ತಿದ್ದೆ.

"ಅಪ್ಪ... ಹೆಂಗದಾರಪ್ಪ?"

"ಚೆನ್ನಾಗದಾರ್ರಿ. ಈಗ ಸೈನ್ಯದಾಗ ಅವರೇ ಡ್ರೈವಿಂಗ್ ಕಲಿಸ್ತಾರೆ. ಸ್ಟೇರಿಂಗ್ ಕಣ್ಣಿಗೊತ್ತಿಕೊಳ್ದಿದ್ರೆ ಎರಡು ಮಾರ್ಕ್ಸ್ ಕಟ್."

ನನಗೆ ನಗು, ಅಳು ಒಟ್ಟಿಗೇ ಬಂದವು. "ಅದು ರೂಲ್ ಅಲ್ಲಪ್ಪ, ನಾನು ಅಜ್ಜಯ್ಯನ್ನ ನೆನೆದು ಮಾಡೋ ನಮಸ್ಕಾರ."

ಅವನು ಗಾಬರಿಯಾದ. "ಅಪ್ಪಗೆ ಹೇಳಬ್ಯಾಡ್ರಿ. ಟ್ರೈನಿಂಗ್ ಪುಸ್ತಕದಾಗ ಅಚ್ಚಾಗೈತೆ."

ನಾನೂ ಹೇಳಲಿಲ್ಲ. ರೂಲ್ ಅಂದುಕೊಂಡು ನಮಸ್ಕರಿಸಿದವರಿಗೆ ಅಜ್ಜಯ್ಯ ಮಾರ್ಕ್ಸ್ ಕಟ್ ಮಾಡುವವನಲ್ಲ.